ಹಗ್ಗದ ಎರಡು ತುದಿ: ಹನ್ನೊಂದನೆಯ ಕಂತು

"ಇದು ನೀಲಿ," ಎಂದರು ಟೀಚರಮ್ಮ.

ಮೇಜಿನ ಆಚೆ ಕೂತಿದ್ದ ಹಿಂದಡಿ ಕಣ್ಣೆತ್ತಲಿಲ್ಲ. ಉಗುರಿನ ಸಂದಿಗೆ ಸಿಕ್ಕಿದ್ದ ನಾರನ್ನು ಹಲ್ಲಿನಿಂದ ಕಿತ್ತು ಪಕ್ಕಕ್ಕೆ ಉಗಿದ.

"ಯಾವ್ದು ನೀಲಿ?"

"ನೀನು ಕೊಟ್ಟ ಹಗ್ಗದ ಹೊಟ್ಟೇಲಿರೋ ದಾರ."

ಮಾರುದ್ದದ ಹಗ್ಗದ ತುಂಡು ಅವರ ಮಡಿಲಲ್ಲಿತ್ತು. ಅದರ ಒಂದು ತುದಿ ಹರಿದು, ಹಳೆಯ ಪೊರಕೆಯ ಹಾಗೆ ಕೆದರಿಕೊಂಡಿತ್ತು. ಆ ಕಡೆಯಿಂದಲೇ ಹುರಿ ಬಿಚ್ಚುತ್ತಾ, ಎಳೆಯೊಳಗಿನ ಎಳೆ ಬಿಡಿಸುತ್ತಾ ಅವರು ನಟ್ಟನಡುವಿನ ಗುರುತಿನ ದಾರದವರೆಗೆ ಬಂದಿದ್ದರು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದ ಬೆರಳುಗಳು ಅವು. ದಾರ ಸಿಕ್ಕಿದರೆ ಬುಡ ಮುಟ್ಟದೆ ಬಿಡುವ ಪೈಕಿಯಲ್ಲ.

ಹಿಂದಡಿಯ ತಮ್ಮ ಹಗ್ಗದ ಕಾರ್ಖಾನೆಯ ಅಂಗಳದಲ್ಲಿ, ಹಗ್ಗ ಪರೀಕ್ಷಿಸುವ ಕಬ್ಬಿಣದ ಅಟ್ಟಣೆಯ ಮೇಲಿಂದ ಬಿದ್ದು ಸತ್ತು ಆರು ತಿಂಗಳಾಗಿತ್ತು. ಆವತ್ತು ಹರಿದ ಹಗ್ಗದ್ದೇ ಈ ತುದಿ ಎಂದು ಹಿಂದಡಿ ಬೀಗ ಹಾಕಿದ ಚೀಲದಿಂದ ತೆಗೆದು ಕೊಟ್ಟಿದ್ದ.

ಅವನ ಹೆಸರು ಬೇರೆ ಏನೋ ಇತ್ತು. ಅದನ್ನು ಕೂಗುವವರು ಯಾರೂ ಉಳಿದಿರಲಿಲ್ಲ. ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ಎರಡೂ ಕೈಯಿಂದ ಎಳೆ ಬಿಡುತ್ತಾ, ಮುನ್ನೂರು ಅಡಿ ಉದ್ದದ ಕೊಟ್ಟಿಗೆಯಲ್ಲಿ ದಿನವಿಡೀ ಹಿಂದಕ್ಕೆ ನಡೆಯುವುದು ಅವನ ಕೆಲಸ. ನಲವತ್ತು ವರ್ಷ ಹಿಂದಕ್ಕೇ ನಡೆದವನಿಗೆ ಹಿಂದಡಿ ಅನ್ನದೆ ಇನ್ನೇನು ಅನ್ನಬೇಕು? ಹಗ್ಗ ಹೊಸೆಯುವವನು ಅವನು. ಮಾರುವವನು ಅವನ ತಂಗಿಯ ಗಂಡ. ಭಾವ. ಇಬ್ಬರೂ ಸಮಪಾಲಿನ ಪಾಲುದಾರರು, ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದವರು. ಈಗ ಕರೆಯುವುದಿರಲಿ, ಒಬ್ಬ ಕೆಮ್ಮಿದರೆ ಇನ್ನೊಬ್ಬ ಕಿಟಕಿ ಮುಚ್ಚುತ್ತಿದ್ದ.

ಪ್ರಶ್ನೆ ಒಂದೇ. ಸತ್ತವನು ಹಿಡಿದುಕೊಂಡು ಹತ್ತಿದ್ದು ತಿರಸ್ಕೃತವಾದ ಹಗ್ಗ. ಹೊರಗೆ ಬಂಗಾರದ ಬಣ್ಣ, ಒಳಗೆ ಮುಗ್ಗಲು. ಅಂಥ ಹಗ್ಗವನ್ನು ಆ ದಿನವೇ ಕೊಡಲಿಯಿಂದ ಮೊಳಮೊಳ ಕಡಿದು ಬಿಸಾಡಬೇಕು. ಅದು ಆ ಕಾರ್ಖಾನೆಯ ಮೊದಲ ನಿಯಮ. ಅದನ್ನು ಕಡಿಯದೆ ಉಳಿಸಿದ್ದು ಯಾರು? ಚಿಕ್ಕವನ ಕೈಗೆ ಕೊಟ್ಟಿದ್ದು ಯಾರು?

ಭಾವ ಕೊಟ್ಟ ಅಂತ ಹಿಂದಡಿ. ಗಿರಾಕಿಗೆ ಬೇಗ ಕಳಿಸುವ ಆತುರಕ್ಕೆ ನನ್ನ ತಮ್ಮನನ್ನು ಕೊಂದ. ಹಿಂದಡಿಯೇ ಉಳಿಸಿದ ಅಂತ ಭಾವ. ತಾನು ಹೊಸೆದ ಹಗ್ಗ ಕೆಟ್ಟಿದೆ ಅಂತ ಒಪ್ಪುವ ಗಂಡಸೇ ಅಲ್ಲ ಅವನು. ನ್ಯಾಯಾಲಯದಲ್ಲಿ ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ. ಬೇಸತ್ತ ನ್ಯಾಯಾಧೀಶರು, ಹೋಗಿ ರಾಜಿ ಮಾಡಿಕೊಳ್ಳಿ ಎಂದು ಇಬ್ಬರನ್ನೂ ಟೀಚರಮ್ಮನ ಕಡೆಗೆ ನೂಕಿದ್ದರು.

"ನೀಲಿ ಆದ್ರೆ ಏನಾಯ್ತು?" ಎಂದ ಹಿಂದಡಿ.

"ಆ ಕೋಣೆಯಿಂದ ಈ ಕೋಣೆಗೆ ಬರೋ ದಾರೀಲಿ, ಗೋಡೆ ಮೇಲೆ ಒಂದು ಹಲಗೆ ಇದೆ. ನೋಡಿದ್ದೀಯಾ?"

"ನನ್ನ ಕಾರ್ಖಾನೆ, ನಾನು ನೋಡದೆ ಇರ್ತೀನಾ?"

"ಯಾವತ್ತು ನೋಡಿದ್ದೆ?"

ಹಿಂದಡಿ ಇನ್ನೊಂದು ಉಗುರಿನ ನಾರಿಗೆ ಹಲ್ಲು ಹಾಕಿದ.

ಟೀಚರಮ್ಮ ನೋಡಿದ್ದರು. ನೋಡದೆ ಇರುವ ಹಾಗಿರಲಿಲ್ಲ. ಕೊನೆಯ ಬೈಠಕ್ಕನ್ನು ಕಾರ್ಖಾನೆಯಲ್ಲೇ ಇಟ್ಟುಕೊಂಡಿದ್ದರಿಂದ, ಹಿಂದಡಿ ತೂಕದ ಕೋಣೆಯಲ್ಲಿ, ಭಾವ ಮಾದರಿ ಕೋಣೆಯಲ್ಲಿ, ನಡುವೆ ಇಪ್ಪತ್ತೆರಡು ಹೆಜ್ಜೆಯ ಓಣಿ. ಬೆಳಗಿನಿಂದ ಅವರು ಆ ಓಣಿಯಲ್ಲಿ ಹದಿನಾಲ್ಕು ಸಲ ಓಡಾಡಿದ್ದರು. ಮದ್ದಲೆಗೆ ಎರಡೂ ಕಡೆ ಪೆಟ್ಟು. ಮದ್ದಲೆಗಾದರೂ ಮೊಣಕಾಲು ನೋವಿಲ್ಲ. ಹಲಗೆಯ ಮೇಲೆ ಸಾಲಾಗಿ ಮೊಳೆ, ಪ್ರತಿ ಮೊಳೆಗೂ ಒಂದೊಂದು ಬಣ್ಣದ ಗೇಣುದ್ದದ ದಾರ, ಕೆಳಗೆ ತಾರೀಖು. ಹಗ್ಗದ ಹೊಟ್ಟೆಯಲ್ಲಿ ಸೇರಿಸುವ ಗುರುತಿನ ದಾರ ಯಾವಾಗ ಯಾವ ಬಣ್ಣದ್ದು ಎಂಬ ಲೆಕ್ಕ. ಹಳದಿ, ಹಸಿರು, ಕಪ್ಪು, ಕೆಂಪು. ಎಲ್ಲವೂ ಸತ್ತವನ ಗುಂಡುಗುಂಡು ಅಕ್ಷರ.

ಕಟ್ಟಕಡೆಯ ಮೊಳೆಗೆ ನೀಲಿ. ಅದರ ಕೆಳಗಿನ ತಾರೀಖು ಬೇರೆ ಕೈಬರಹದ್ದು, ಮತ್ತು ಅದು ಚಿಕ್ಕವನು ಮಣ್ಣಾದ ಹದಿನಾರನೇ ದಿನದ್ದು.

"ಆ ನೀಲಿ ದಾರ ಶುರುವಾಗಿದ್ದು ನಿನ್ನ ತಮ್ಮ ಸತ್ತ ಮೇಲೆ," ಎಂದರು ಟೀಚರಮ್ಮ. "ಸತ್ತವನು ಹಿಡಿದುಕೊಂಡ ಹಗ್ಗದಲ್ಲಿ ಅದು ಹೇಗೆ ಬಂತಪ್ಪ?"

ಹಿಂದಡಿ ಈಗ ನೋಡಿದ. ದಾರವನ್ನಲ್ಲ, ಅವರ ಮುಖವನ್ನು.

"ಬಣ್ಣ ಬದಲಾಯಿಸಿದ್ದು ಯಾರು?"

"ನಿನ್ನ ತಂಗಿ. ಕೆಂಪು ದಾರ ಕೈಯಲ್ಲಿ ಹಿಡಿಯೋಕೆ ಆಗಲಿಲ್ಲವಂತೆ ಅವಳಿಗೆ. ನಿನಗೆ ಗೊತ್ತಿರಲಿಲ್ಲ ಅಲ್ವಾ?"

ಗೊತ್ತಿರಲು ಸಾಧ್ಯವೇ ಇರಲಿಲ್ಲ. ಗುರುತಿನ ದಾರ ಸೇರಿಸುವುದು ಕೊಟ್ಟಿಗೆಯ ಆ ತುದಿಯಲ್ಲಿ, ಕೊಕ್ಕೆಗೆ ನಾರು ಸಿಕ್ಕಿಸುವ ಜಾಗದಲ್ಲಿ. ಹೊಸೆಯುವವನು ಹಿಂದಕ್ಕೆ ನಡೆಯುತ್ತಾ ಅಲ್ಲಿಂದ ದೂರವೇ ಹೋಗುತ್ತಿರುತ್ತಾನೆ. ಮೊದಲು ತಮ್ಮ ಹೇಳುತ್ತಿದ್ದ: ಅಣ್ಣಾ, ಇವತ್ತಿಂದ ಹಸಿರು. ತಮ್ಮ ಹೋದ ಮೇಲೆ ಆ ಕೆಲಸ ಉಗ್ರಾಣದ ಕೀಲಿ ಇಟ್ಟುಕೊಂಡ ತಂಗಿಗೆ ಬಂತು. ಅವಳ ಹತ್ತಿರ ಇವನು ಆರು ತಿಂಗಳಿಂದ ಮಾತಾಡಿಲ್ಲ. ವೈರಿಯ ಹೆಂಡತಿ ಅಂತ. ಸಿಟ್ಟು ಮೂಗಿನ ತುದಿಯಲ್ಲಿ ಇರುವವನಿಗೆ ಮೂಗಿನ ಕೆಳಗಿನದು ಕಾಣುವುದಿಲ್ಲ.

"ಭಾವ ಇಟ್ಟುಕೊಂಡಿದ್ನಲ್ಲ ಇನ್ನೊಂದು ತುದಿ," ಎಂದ ಹಿಂದಡಿ ನಿಧಾನವಾಗಿ. "ಅದರಲ್ಲಿ ಯಾವ ಬಣ್ಣ?"

"ಆ ಕೋಣೇದು ಆ ಕೋಣೆಗೆ. ನಿನ್ನ ಕೋಣೇದು ನಿನ್ನ ಕೋಣೆಗೆ. ಮೊದಲ ದಿನವೇ ಹೇಳಿದ್ದೀನಿ."

ಕೆಂಪು ಎಂದು ಅವರು ಹೇಳಲಿಲ್ಲ. ಅರ್ಧ ಗಂಟೆಯ ಹಿಂದೆ ಆ ಕೋಣೆಯಲ್ಲಿ ಭಾವನ ತುಂಡನ್ನೂ ಅವರು ಬಿಚ್ಚಿ ನೋಡಿದ್ದರು. ಕೆಂಪು ದಾರ, ಮುಗ್ಗಲು ನಾರು, ಮೂಗಿಗೆ ಹಿಡಿದರೆ ಹಳೆಯ ಗೋಣಿಯ ವಾಸನೆ. ಅದು ನಿಜವಾದ ತುದಿ.

ಆ ತುದಿಗಳ ಕಥೆಯೇ ಒಂದು ವಿಕಾರ. ಚಿಕ್ಕವನನ್ನು ನೆಲದಿಂದ ಎತ್ತುವ ಮೊದಲೇ, ಇಬ್ಬರೂ ಒಂದೊಂದು ತುದಿಗೆ ಕೈ ಹಾಕಿದ್ದರು. ತೊಟ್ಟಿಲಿಗೆ, ಅಂದರೆ ಕೂರುವ ಹಲಗೆಗೆ, ಕಟ್ಟಿದ್ದ ಗಿಡ್ಡ ತುಂಡು ಭಾವನಿಗೆ. ಮೇಲಿನ ಗಾಲಿಯಿಂದ ಜೋತಾಡುತ್ತಿದ್ದ ಉದ್ದದ ತುಂಡು ಹಿಂದಡಿಗೆ. ನೀನು ಸಾಕ್ಷಿ ಅಳಿಸ್ತೀಯ, ನೀನು ಅಳಿಸ್ತೀಯ. ಇವತ್ತು ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಎರಡನ್ನೂ ಟೀಚರಮ್ಮನೇ ಒಲೆಗೆ ಹಾಕಿ ಸುಡಬೇಕು, ಅಲ್ಲಿಗೆ ಕಾರ್ಖಾನೆ ಒಡೆಯದೆ ಉಳಿಯುತ್ತದೆ, ದೂರುಗಳೆಲ್ಲ ಮುಗಿಯುತ್ತವೆ ಎಂದು ತೀರ್ಮಾನವಾಗಿತ್ತು.

"ಉದ್ದದ ತುಂಡು ಎಲ್ಲಿ?" ಎಂದರು ಟೀಚರಮ್ಮ. "ಎಂಬತ್ತು ಅಡಿ ಇತ್ತಂತಲ್ಲ. ಎಲ್ಲಿಟ್ಟಿದ್ದೀಯ?"

ಹಿಂದಡಿ ಎದ್ದು ಕಿಟಕಿಯ ಹತ್ತಿರ ಹೋದ. ಅಲ್ಲಿಗೂ ಹಿಂದಕ್ಕೇ ಹೆಜ್ಜೆ ಇಟ್ಟುಕೊಂಡು ಹೋದ, ಅವರ ಮೇಲಿನ ಕಣ್ಣು ತೆಗೆಯದೆ.

"ಟೀಚರಮ್ಮ, ಈ ಕೋಣೇಲಿ ಆಡಿದ ಮಾತು ಈ ಕೋಣೇಲೇ ತಾನೆ?"

"ಹೇಳು."

"ಪ್ರಮಾಣ?"

"ಆರು ಸಲ ಕೂತಿದ್ದೀನಿ ನಿನ್ನ ಎದುರು. ಒಂದು ಮಾತಾದ್ರೂ ಆಚೆ ಹೋಗಿದ್ಯಾ?"

ಹಿಂದಡಿ ನಕ್ಕ. ಆರು ತಿಂಗಳಲ್ಲಿ ಅವನು ನಕ್ಕಿದ್ದನ್ನು ನೋಡಿದವರಿಲ್ಲ. ಟೀಚರಮ್ಮನಿಗೂ ಅದನ್ನು ನೋಡದೆ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ನೀವೇ ಬರೆದ್ರಲ್ಲ, ಏಳನೇ ಕಲಮು. ಅದನ್ನೊಂದು ಸಲ ಓದಿ."

ಅವರಿಗೆ ಓದಬೇಕಾಗಿರಲಿಲ್ಲ. ಒಪ್ಪಂದದ ಇಪ್ಪತ್ತು ಕಲಮುಗಳಲ್ಲಿ ಅವರಿಗೆ ತುಂಬ ಹೆಮ್ಮೆ ಇದ್ದದ್ದು ಅದೊಂದರ ಮೇಲೆ. ಸಾವಾದ ಮೇಲೆ ಗಿರಾಕಿಗಳು ಹಿಮ್ಮೆಟ್ಟಿದ್ದರು. ಎತ್ತರದ ಕಿಟಕಿ ಒರೆಸುವವರು, ಬಾವಿ ತೋಡುವವರು, ಚಿಮಣಿಗೆ ಬಣ್ಣ ಬಳಿಯುವವರು, ಹಗ್ಗಕ್ಕೆ ಜೀವ ಕಟ್ಟಿ ಬದುಕುವ ಜನ. ಅವರಿಗೆ ಮತ್ತೆ ನಂಬಿಕೆ ಬರಬೇಕು. ಅದಕ್ಕೆ ಏಳನೇ ಕಲಮು: ಸಹಿಗೆ ಮುಂಚೆ ಎಲ್ಲರೆದುರು, ಅದೇ ಅಟ್ಟಣೆಯಲ್ಲಿ, ಮಾರುವ ಪಾಲುದಾರನ ಕಡೆಯವರು ತೊಟ್ಟಿಲಲ್ಲಿ ಮೇಲೆ ಕೂರತಕ್ಕದ್ದು, ಹೊಸೆಯುವ ಪಾಲುದಾರ ಕೆಳಗೆ ಹಗ್ಗ ಸುತ್ತುವ ರಾಟೆಯ ಹಿಡಿ ಹಿಡಿದು ಏರಿಸಿ ಇಳಿಸತಕ್ಕದ್ದು. ಒಬ್ಬನ ಜೀವ ಇನ್ನೊಬ್ಬನ ಕೈಯಲ್ಲಿ. ಮೂರನೇ ಬೈಠಕ್ಕಿನಲ್ಲಿ ಹಿಂದಡಿ ಇದನ್ನು ಹೇಳಿದಾಗ, ಕಲ್ಲು ಕರಗಿತು ಎಂದುಕೊಂಡು ಟೀಚರಮ್ಮನ ಕಣ್ಣು ಒದ್ದೆಯಾಗಿತ್ತು.

"ನಾಲ್ಕು ಗಂಟೆಗೆ," ಎಂದ ಹಿಂದಡಿ. "ನಾಲ್ಕು ಗಂಟೆಗೆ ನಾನು ಅವನನ್ನ ಮೇಲೆ ಏರಿಸ್ತೀನಿ. ಯಾವ ಹಗ್ಗದಲ್ಲಿ ಗೊತ್ತಾ? ನನ್ನ ತಮ್ಮನ ಹಗ್ಗದಲ್ಲಿ. ಆ ಎಂಬತ್ತು ಅಡಿಯಲ್ಲಿ ಮುಗ್ಗಲು ಹೆಚ್ಚಿದ್ದ ಹತ್ತು ಅಡಿ ಕತ್ತರಿಸಿ, ಹೊಸ ಹಗ್ಗದ ನಡುವೆ ಹೆಣೆದು ಸೇರಿಸಿದ್ದೀನಿ. ಹೆಣಿಗೆ ಎಲ್ಲಿದೆ ಅಂತ ದೇವರಪ್ಪ ಬಂದ್ರೂ ಕಾಣ್ಸಲ್ಲ. ಬೀಗದ ಚೀಲಕ್ಕೆ ಹೊಸ ತುಂಡು ನೆನೆಸಿ, ಜಗ್ಗಿ ಹರಿದು ಹಾಕಿದೆ. ಬಣ್ಣವೊಂದು ನನ್ನ ಮಾನ ತೆಗೀತು."

"ಹರಿದು ಹೋಗುತ್ತಲ್ಲೋ ಅದು!"

"ಹತ್ತುವಾಗ ತಡೆಯುತ್ತೆ." ಅವನು ತನ್ನ ಕಸುಬಿನ ಬಗ್ಗೆ ಮಾತಾಡುವವನ ಹಾಗೆ, ಅಂಗೈಯಲ್ಲಿ ಬೆರಳಿಟ್ಟು ತೋರಿಸಿದ. "ಗಾಲಿಯ ಮೇಲೆ ಒಂದು ಸಲ ಬಾಗಿದ್ರೆ ಒಳಗಿನ ನಾರು ಅರ್ಧ ಬಿಡುತ್ತೆ. ಅಲ್ಲಾಡದೆ ನಿಂತ್ರೆ ಅರ್ಧದಲ್ಲೇ ನಿಂತಿರುತ್ತೆ. ಇಳಿಸುವಾಗ ಅದೇ ಜಾಗ ಇನ್ನೊಂದು ಸಲ ಗಾಲಿ ಮೇಲೆ ಬರುತ್ತೆ ನೋಡಿ, ಆಗ ತಡೆಯಲ್ಲ. ಅಷ್ಟು ಹೊತ್ತು ಅವನು ಮೇಲೆ ಕೂತು ಕೈ ಬೀಸ್ತಿರ್ಲಿ. ಚಪ್ಪಾಳೆ ತಗೊಳ್ಳಲಿ. ನನ್ನ ತಮ್ಮನೂ ಕೈ ಬೀಸಿದ್ದ."

ಕೋಣೆಯಲ್ಲಿ ದೊಡ್ಡ ತಕ್ಕಡಿಯೊಂದು ತನ್ನಷ್ಟಕ್ಕೆ ತೂಗುತ್ತಿತ್ತು. ಟೀಚರಮ್ಮ ಎದ್ದು ಒಂದು ಕೈಯಿಂದ ಅದರ ಸರಪಳಿ ಹಿಡಿದು ನಿಲ್ಲಿಸಿದರು. ತಮ್ಮ ಕೈಯಾರೆ ಬರೆದ ಕಲಮು. ನೇಣು ಹೆಣೆದವನು ಅವನು. ಕುಣಿಕೆಗೆ ಚೆಂದದ ಅಕ್ಷರದಲ್ಲಿ ಒಪ್ಪಿಗೆ ಬರೆದವರು ತಾವು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ಕೋಣೆಯ ಗುಟ್ಟೊಂದು ಅವರ ಹೊಟ್ಟೆಯಲ್ಲಿ ಮಧ್ಯಾಹ್ನದಿಂದ ಕೂತಿತ್ತು. ಕೇಳಿದಾಗ ಅದು ನಗು ಬರಿಸುವ ಗುಟ್ಟಾಗಿತ್ತು.

"ಟೀಚರಮ್ಮ, ಕಾಲಿಗೆ ಬೀಳ್ತೀನಿ, ಅವನಿಗೆ ಹೇಳ್ಬೇಡಿ," ಎಂದಿದ್ದ ಭಾವ, ಕತ್ತಿನ ಬೆವರು ಒರೆಸಿಕೊಳ್ಳುತ್ತಾ. "ನಂಗೆ ಕುರ್ಚಿ ಮೇಲೆ ನಿಂತು ದೀಪ ಬದಲಾಯಿಸೋಕೂ ಆಗಲ್ಲ, ತಲೆ ತಿರುಗುತ್ತೆ. ಇಪ್ಪತ್ತು ವರ್ಷದಿಂದ ಚಿಮಣಿಯೋರಿಗೆ ಹಗ್ಗ ಮಾರೋನು ಎತ್ತರ ಅಂದ್ರೆ ಹೆದರ್ತಾನೆ ಅಂದ್ರೆ ಉಗೀತಾರೆ. ನನ್ನ ಕಡೆಯವರು ಅಂತ ತಾನೆ ಬರೆದಿರೋದು? ನನ್ನ ಹೆಂಡ್ತಿ ಕೂರ್ತಾಳೆ. ನಾನು ಕೇಳಿದ್ದಲ್ಲ, ಅವಳೇ ಹಟ ಹಿಡಿದಿದ್ದು. ಅಣ್ಣ ನನ್ನನ್ನ ಏರಿಸಲಿ, ಇಳಿಸಲಿ, ಆಮೇಲಾದ್ರೂ ಮುಖ ನೋಡ್ತಾನೋ ಏನೋ ಅಂತ."

ಆ ಕೋಣೆಯ ಗುಟ್ಟು ಈ ಕೋಣೆಗೆ ಗೊತ್ತಿಲ್ಲ. ಈ ಕೋಣೆಯ ಗುಟ್ಟು ಆ ಕೋಣೆಗೆ ಗೊತ್ತಿಲ್ಲ. ಎರಡನ್ನೂ ಒಂದೇ ತಲೆಯಲ್ಲಿ ಹೊತ್ತವರು, ಇಡೀ ಲೋಕದಲ್ಲಿ, ಈ ಮೊಣಕಾಲು ನೋವಿನ ಮುದುಕಿ ಒಬ್ಬರೇ.

"ಬಾಯಿ ಬಿಡೋ ಹಾಗಿಲ್ಲ ನೀವು," ಎಂದ ಹಿಂದಡಿ, ಬಾಗಿಲ ಕಡೆ ಹೊರಟು. "ನೀವೇ ಮಾಡಿದ ನಿಯಮ. ನಾಳೆ ಪೊಲೀಸರು ಬಂದ್ರೆ ಹಗ್ಗ ಹಳೇದು ಅಂತೀನಿ. ಭಾವನೂ ಆವತ್ತು ಪೊಲೀಸರಿಗೆ ಅದನ್ನೇ ಅಂದಿದ್ದ ತಾನೆ?"

ಟೀಚರಮ್ಮ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಅವನ ಭುಜಕ್ಕೂ ಬರುತ್ತಿರಲಿಲ್ಲ ಅವರು.

"ಮೊದಲ ದಿನ ನಿಯಮ ಓದಿದಾಗ ಕಿವಿ ಎಲ್ಲಿಟ್ಟಿದ್ದೆ? ಜೀವಕ್ಕೆ ಅಪಾಯ ಇಲ್ಲದಿದ್ದರೆ ಮಾತ್ರ ಗುಟ್ಟು ಗುಟ್ಟಾಗಿರುತ್ತೆ ಅಂತ ಎರಡು ಸಲ ಓದಿದ್ದೆ. ನಿನಗೆ ಬೇಕಾದ ಅರ್ಧ ಮಾತ್ರ ಕೇಳಿಸ್ಕೊಂಡೆ."

"ಪಕ್ಕಕ್ಕೆ ಸರೀರಿ."

"ಕೊಂದ್ರೆ ಅವನು ವಾಪಸು ಬರ್ತಾನೇನೋ?"

"ಬರೋದು ಬೇಡ. ಇವನು ಹೋದ್ರೆ ಸಾಕು." ಅವನ ದನಿ ಒಡೆದಿತ್ತು. "ಎರಡು ವರ್ಷದ ಕೂಸಾಗಿದ್ದಾಗಿಂದ ನಾನು ಸಾಕಿದ್ದು ಟೀಚರಮ್ಮ. ಈ ಸೊಂಟಕ್ಕೆ ನಾರು ಒಂದು ಕಡೆ, ಅವನು ಒಂದು ಕಡೆ. ಅವನಿಗೆ ಆ ಹಗ್ಗ ಕೊಟ್ಟ ಕೈ ಯಾವುದೇ ಇರ್ಲಿ, ಅದಕ್ಕೆ ಕ್ಷಮೆ ಇಲ್ಲ. ಯಾವುದೇ ಇರ್ಲಿ. ಕೇಳಿಸ್ತಾ? ಸರೀರಿ, ಹೊತ್ತಾಯ್ತು."

"ಮೇಲೆ ಕೂರೋದು ಯಾರು ಅಂದ್ಕೊಂಡಿದ್ದೀಯ?"

"ಅವನು. ಇನ್ಯಾರು?"

"‘ಅವನ ಕಡೆಯವರು’ ಅಂತ ಬರೆದಿದ್ದೀನಿ. ನಿನ್ನ ಭಾವನಿಗೆ ಎತ್ತರ ಅಂದ್ರೆ ಭಯ. ಕೂರೋದು ನಿನ್ನ ತಂಗಿ."

ಹಿಂದಡಿಯ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಗುಂಡೇಟು ಬಿದ್ದವನಿಗೂ ಮೊದಲ ಗಳಿಗೆ ಏನೂ ಆಗುವುದಿಲ್ಲವಂತೆ.

"ಸುಳ್ಳು," ಎಂದ.

ಆಗಲೇ ಹೊರಗೆ ಅಂಗಳದಲ್ಲಿ ಚಪ್ಪಾಳೆ ಕೇಳಿಸಿತು.

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಹನ್ನೆರಡು ನಿಮಿಷ ಇತ್ತು. ಆದರೆ ಗಿರಾಕಿಗಳು ಬಂದು ಸೇರಿದ್ದರು, ಮತ್ತು ಭಾವ ಜನ್ಮದಲ್ಲಿ ಗಿರಾಕಿಯನ್ನು ಕಾಯಿಸಿದವನಲ್ಲ. ಹಿಂದಡಿ ಕೋಣೆಯಿಂದ ಹೊರಬರದೆ ಇದ್ದದ್ದನ್ನು ನೋಡಿ, ಅವನಿಗೆ ಇನ್ನೂ ಬಿಗುಮಾನ ಎಂದುಕೊಂಡು, ತಾನೇ ಹೋಗಿ ರಾಟೆ ಹಿಡಿದಿದ್ದ. ನೀಲಿ ದಾರದ ಪತ್ತೇದಾರಿಕೆ ಮಾಡಿ ಹಿಂದಡಿಯನ್ನು ಕೋಣೆಯಲ್ಲಿ ಕೂರಿಸಿಕೊಂಡವರು ಟೀಚರಮ್ಮ. ಅವನು ಹೊತ್ತಿಗೆ ಅಂಗಳದಲ್ಲಿ ಇದ್ದಿದ್ದರೆ ತೊಟ್ಟಿಲಲ್ಲಿ ಕೂತವಳನ್ನು ಕಣ್ಣಾರೆ ನೋಡುತ್ತಿದ್ದ.

ಹಿಂದಡಿ ಓಡಿದ. ಮುನ್ನೂರು ಅಡಿಯ ಕೊಟ್ಟಿಗೆಯಲ್ಲಿ, ನಾರು ಬಾಚುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಆ ಮನುಷ್ಯ ಅಲ್ಲಿ ಮುಂದಕ್ಕೆ ಓಡಿದ್ದನ್ನು ಅವರು ಕಂಡೇ ಇರಲಿಲ್ಲ. ಟೀಚರಮ್ಮ ಹಿಂದಿನಿಂದ, ಒಂದು ಕೈಯಲ್ಲಿ ಮೊಣಕಾಲು ಹಿಡಿದುಕೊಂಡು.

ತೊಟ್ಟಿಲು ಆಗಲೇ ತುದಿಯಲ್ಲಿತ್ತು.

ಅರವತ್ತು ಅಡಿ ಮೇಲೆ, ಆಕಾಶಕ್ಕೆ ಅಂಟಿದ ಹಾಗೆ, ಹಲಗೆಯ ಮೇಲೆ ತಂಗಿ ಕೂತಿದ್ದಳು. ಸೊಂಟದ ಕೀಲಿಗೊಂಚಲು ಬಿಸಿಲಿಗೆ ಮಿನುಗುತ್ತಿತ್ತು. ಕೆಳಗೆ ಮೂವತ್ತು ನಲವತ್ತು ಜನ ಕತ್ತು ಮೇಲೆತ್ತಿ ನಿಂತಿದ್ದರು. ಭಾವ ರಾಟೆಯ ಬ್ರೇಕಿನ ಹಿಡಿಯನ್ನು ಎರಡೂ ಕೈಯಿಂದ ಅಮುಕಿ ಹಿಡಿದು, ಮುಖದ ತುಂಬ ಮಾರಾಟದ ನಗು ಇಟ್ಟುಕೊಂಡು, ಮೇಲೆ ಮಾತ್ರ ನೋಡದೆ ನಿಂತಿದ್ದ.

"ಬಂದ್ರಾ? ಟೀಚರಮ್ಮ, ಅವರಿಗೆ ಹೇಳಿ," ಎಂದ, ಎದುರಿಗೇ ನಿಂತಿದ್ದ ಹಿಂದಡಿಯನ್ನು ಬಿಟ್ಟು ಅವರ ಕಡೆ ತಿರುಗಿ, "ಇಳಿಸೋದಾದ್ರೂ ಅವರೇ ಇಳಿಸಲಿ ಅಂತ ಕಾಯ್ತಿದ್ದೆ."

"ಟೀಚರಮ್ಮ, ಅವನಿಗೆ ಹೇಳಿ," ಎಂದ ಹಿಂದಡಿ, ಏದುಸಿರು ಬಿಡುತ್ತಾ, "ಹಿಡಿ ಅಲ್ಲಾಡಿಸಬಾರದು ಅಂತ ಹೇಳಿ."

ಮಾರು ದೂರದಲ್ಲಿ ನಿಂತ ಇಬ್ಬರೂ ಅಭ್ಯಾಸಬಲದಿಂದ ಅವರ ಮುಖ ನೋಡುತ್ತಿದ್ದರು. ಆರು ಬೈಠಕ್ಕಿನಲ್ಲಿ ಇವರಿಬ್ಬರ ಮಾತನ್ನು ಕೋಣೆಯಿಂದ ಕೋಣೆಗೆ ಹೊತ್ತು ಹೊತ್ತು ಟೀಚರಮ್ಮನ ಕಾಲು ಸವೆದಿತ್ತು.

"ನಾನು ಹೇಳಲ್ಲ," ಎಂದರು. "ಇದನ್ನ ನಾನು ಹೊರಲ್ಲ. ಬಾಯಿದೆ, ನೀನೇ ಹೇಳು."

ಹಿಂದಡಿ ಭಾವನ ಕಡೆ ತಿರುಗಿದ.

"ಭಾವ," ಎಂದ. "ಇಳಿಸ್ಬೇಡ. ಆ ಹಗ್ಗದಲ್ಲಿ... ಅವನ ಹಗ್ಗದ ತುಂಡು ಸೇರಿಸಿದ್ದೀನಿ. ನೀನು ಕೂರ್ತೀಯ ಅಂತ. ಇಳಿಸಿದ್ರೆ ಹರಿಯುತ್ತೆ."

ಮಾರಾಟದ ನಗು ಭಾವನ ಮುಖದ ಮೇಲೆ ಹಾಗೇ ಇತ್ತು, ಯಾರೋ ತೆಗೆಯಲು ಮರೆತ ಬೋರ್ಡಿನ ಹಾಗೆ. ಅದರ ಮೇಲಿದ್ದ ಕಣ್ಣುಗಳು ಮಾತ್ರ ಬದಲಾದವು.

"ನನ್ನನ್ನ ಕೊಲ್ಲೋಕೆ," ಎಂದ ಮೆಲ್ಲಗೆ, ಗಿರಾಕಿಗಳಿಗೆ ಕೇಳಿಸದ ಹಾಗೆ.

"ಹೂಂ."

"ನಿನ್ನ ಪುಣ್ಯ, ನನ್ನ ಎರಡೂ ಕೈ ಇಲ್ಲಿ ಸಿಕ್ಕಿಹಾಕ್ಕೊಂಡಿವೆ. ಇಲ್ದಿದ್ರೆ ನಿನ್ನ ಕತ್ತು ಇಷ್ಟು ಹೊತ್ತಿಗೆ..." ಅವನು ಹಿಡಿಯ ಮೇಲೆ ಇನ್ನಷ್ಟು ಭಾರ ಹಾಕಿದ. ಹಳೆಯ ಬ್ರೇಕು. ಹಿಡಿತ ಚೂರು ಸಡಿಲಿದರೆ ರಾಟೆ ಬೆರಳಗಲ ಜಾರುತ್ತದೆ. "ಅವಳು ಇಳಿದ ಮೇಲೆ ನೋಡ್ಕೋತೀನಿ. ನಿನಗೆ ಜೈಲಲ್ಲ ಕಣೋ, ಬೇರೆ ಇದೆ."

"ಆಮೇಲೆ ಏನಾದ್ರೂ ಮಾಡು. ಈಗ ಹಿಡ್ಕೋ."

ಹಿಂದಡಿ ಮುಂದೆ ಬಂದು ಭಾವನ ಕೈಗಳ ಪಕ್ಕದಲ್ಲಿ ತನ್ನ ಕೈಗಳನ್ನಿಟ್ಟು ಅಮುಕಿದ. ನಲವತ್ತು ವರ್ಷ ಹುರಿ ಹಾಕಿದ ಕೈ. ರಾಟೆ ಕಲ್ಲಾಯಿತು. ಭುಜಕ್ಕೆ ಭುಜ ತಾಗಿಸಿ ಇಬ್ಬರೂ ಹಲ್ಲು ಕಚ್ಚಿ ನಿಂತರು. ನೋಡುವವರ ಕಣ್ಣಿಗೆ ಅಣ್ಣತಮ್ಮಂದಿರ ಹಾಗೆ.

ಟೀಚರಮ್ಮ ಆಗಲೇ ಗಾಲಿಗೆ ಗ್ರೀಸು ಹಚ್ಚುವವನನ್ನು ಹಿಡಿದಿದ್ದರು. "ಕೊಟ್ಟಿಗೆಯಿಂದ ಹೊಸ ಹಗ್ಗ ತಗೋ. ನೀಲಿ ದಾರ ಇರೋದೇ ಆಗಬೇಕು. ಏಣಿ ಹತ್ತಿ ಮೇಲಿನ ಕಂಬಕ್ಕೆ ಬಿಗಿದು, ಅವಳ ಸೊಂಟಕ್ಕೆ ಕಟ್ಟು. ಕಾರಣ ಕೇಳಬೇಡ, ಹತ್ತು!" ಅವನು ಕಾರಣ ಕೇಳಲಿಲ್ಲ. ಹಗ್ಗದ ಸುರುಳಿ ಹೆಗಲಿಗೇರಿಸಿ ಅಟ್ಟಣೆಯ ಒಳಗಿನ ಏಣಿಗೆ ಹಾರಿದ. ಐದು ನಿಮಿಷ ಸಾಕು. ಐದು ನಿಮಿಷ ಈ ನಾಲ್ಕು ಕೈ ಅಲ್ಲಾಡದೆ ಇದ್ದರೆ ಸಾಕು.

ಗಿರಾಕಿಗಳು ಇದೂ ಪ್ರದರ್ಶನದ ಭಾಗವೇ ಎಂದುಕೊಂಡು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ಮೇಲಿನಿಂದ ಬಗ್ಗಿ ನೋಡಿದ ತಂಗಿಗೂ ಕಂಡದ್ದು ಅಷ್ಟೇ: ಒಂದೇ ಹಿಡಿಯ ಮೇಲೆ ಗಂಡ, ಅಣ್ಣ.

"ಅಯ್ಯೋ!" ಎಂದು ಕೂಗಿದಳು. ಅಳುವೋ ನಗುವೋ ತಿಳಿಯಲಿಲ್ಲ. "ಇಬ್ಬರೂ ಮಾತಾಡಿದ್ರಾ? ಅಣ್ಣಾ, ಮಾತಾಡಿದ್ಯಾ?"

"ಅಲ್ಲಾಡಬೇಡ!" ಎಂದು ಗಂಡ ಅರಚಿದ. "ಸುಮ್ನೆ ಕೂರು!"

"ಕೂರ್ತೀನಿ. ಇಲ್ಲಿಂದಲೇ ಹೇಳ್ಬಿಡ್ತೀನಿ. ಕೆಳಗೆ ಬಂದ್ರೆ ನಿಮ್ಮ ಮುಖ ನೋಡಿ ಹೇಳೋಕಾಗಲ್ಲ."

"ಏನೂ ಹೇಳಬೇಡಮ್ಮ," ಎಂದು ಟೀಚರಮ್ಮ ಕೂಗಿದರು. ಯಾಕೆ ಹಾಗೆ ಕೂಗಿದರೋ ಅವರಿಗೇ ತಿಳಿಯದು. ಮೂವತ್ತು ವರ್ಷ ಮಕ್ಕಳ ಮುಖ ನೋಡಿದವರಿಗೆ, ಮುಂದೆ ಬರುವ ಮಾತಿನ ನೆರಳು ಮೊದಲೇ ಬೀಳುತ್ತದೆ.

"ಇಲ್ಲ ಟೀಚರಮ್ಮ, ಆರು ತಿಂಗಳಾಯ್ತು. ಒಬ್ಬರಿಗೆ ಹೇಳಿದ್ರೆ ಇನ್ನೊಬ್ಬರು ಗೆದ್ದ ಹಾಗಾಗುತ್ತೆ, ಇವರಿಬ್ಬರೂ ಮಾತಾಡಿದ ದಿನ ಹೇಳ್ತೀನಿ ಅಂತ ನುಂಗ್ಕೊಂಡಿದ್ದೆ." ಅವಳ ದನಿ ಗಾಳಿಯಲ್ಲಿ ಬಿಡಿಬಿಡಿಯಾಗಿ ಇಳಿಯುತ್ತಿತ್ತು. "ಅಣ್ಣಾ, ಆ ಹಗ್ಗ ಇವರು ಕೊಟ್ಟಿದ್ದಲ್ಲ. ನೀನು ಉಳಿಸಿದ್ದೂ ಅಲ್ಲ. ಕಡಿಯೋಕೆ ಅಂತ ನನ್ನ ಹತ್ರ ಬಂದಿತ್ತು. ಕೊಡಲಿ ಎತ್ತಿದ್ದೆ. ನಿನ್ನ ಕೈಯಲ್ಲಿ ಹೊಸೆದದ್ದು, ಬಂಗಾರದ ಹಾಗೆ ಹೊಳೀತಿತ್ತು, ಕಡಿಯೋಕೆ ಮನಸ್ಸೇ ಬರಲಿಲ್ಲ. ಬಟ್ಟೆ ಒಣಹಾಕೋಕಾಗುತ್ತೆ ಅಂತ ಉಗ್ರಾಣದ ಮೊಳೆಗೆ ನೇತುಹಾಕ್ಬಿಟ್ಟೆ. ಬೆಳಗ್ಗೆ ಅವನು ಬಂದು ‘ಅಕ್ಕಾ, ಒಂದು ಹಗ್ಗ ಕೊಡು’ ಅಂದ. ಮಾತಾಡ್ತಾ ಮಾತಾಡ್ತಾ ಕೈಗೆ ಸಿಕ್ಕಿದ್ದು ತೆಗೆದು ಕೊಟ್ಟೆ. ನಾನೇ ಕೊಟ್ಟೆ ಅಣ್ಣಾ."

ಗ್ರೀಸಿನವನು ಏಣಿಯ ಅರ್ಧಕ್ಕೆ ತಲುಪಿದ್ದ.

ಟೀಚರಮ್ಮ ಹಿಂದಡಿಯ ಮುಖ ನೋಡಿದರು. ಅವನು ಮೇಲೆ ನೋಡುತ್ತಿದ್ದ. ತೂಕದ ಕೋಣೆಯಲ್ಲಿ ನಕ್ಕಾಗ ಇದ್ದ ಮುಖವೇ ಈಗಲೂ ಇತ್ತು. ನಗು ಮಾತ್ರ ಇರಲಿಲ್ಲ.

"ಭಾವ," ಎಂದು ಪಿಸುಗುಟ್ಟಿದ ಅವಳ ಗಂಡ, ಕಣ್ಣಲ್ಲಿ ನೀರು ಸುರಿಸುತ್ತಾ. "ಭಾವ, ಹಿಡ್ಕೋ. ನನ್ನೊಬ್ಬನ ಕೈಲಿ ಆಗ್ತಿಲ್ಲ. ಭಾವ!"

ಬ್ರೇಕಿನ ಹಿಡಿಯ ಮೇಲಿದ್ದ ನಾಲ್ಕು ಕೈಗಳಲ್ಲಿ, ನಲವತ್ತು ವರ್ಷ ಹುರಿ ಹಾಕಿದ ಎರಡು, ಒಂದೊಂದೇ ಬೆರಳಾಗಿ, ಸಡಿಲವಾದವು.